ಗುಡಿ ಬಾಗಿಲಲ್ಲಿ ನಿಂತ ನಾಸ್ತಿಕ



ಈ ವರ್ಷದ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಹುಡುಗರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಹೋದ ತಿಂಗಳ ಸಭೆಯ ಜಗಳ. ನಿಮಗೂ ಮರೆತಿರಲಿಕ್ಕಿಲ್ಲ. ಊರ ತೇರು ನಮ್ಮ ಬೀದಿಯ ತಿರುವಿನ ತನಕ ಬಂದು ವಾಪಸ್ ಹೋಗುತ್ತೆ, ಈ ಸಲ ಕಲೆಕ್ಟರ್ ಆಫೀಸಿಗೆ ಅರ್ಜಿ ಕೊಟ್ಟು ಅದು ಒಳಗೆ ಬರೋ ಹಾಗೆ ಮಾಡಬೇಕು ಅಂತ ಅರ್ಧ ಜನ. ದೇವರೇ ಇಲ್ಲ ಅಂದ ಮೇಲೆ ತೇರು ಎಲ್ಲಿಗೆ ಬಂದರೆ ನಮಗೇನು, ಆ ಓಡಾಟದ ದುಡ್ಡಲ್ಲಿ ಮಕ್ಕಳಿಗೆ ಟ್ಯೂಷನ್ ನಡೆಸೋಣ ಅಂತ ಇನ್ನರ್ಧ. ಎರಡನೇ ಗುಂಪಿನ ಹುಡುಗರು ಪೆರಿಯಾರ್ ಹೆಸರು ಎತ್ತಿದರು. ಆಗ ಅಕ್ಕ ಒಬ್ಬರು ಎದ್ದು ನಿಂತರು. ಪೆರಿಯಾರ್ ಸಾಹುಕಾರರ ಮನೆಯವರು, ಅವರಿಗೆ ಗುಡಿ ಬಾಗಿಲು ಯಾವತ್ತೂ ಮುಚ್ಚಿರಲಿಲ್ಲ, ಬೇಡ ಅನ್ನೋದು ಅವರಿಗೆ ಸುಲಭ, ನಾವು ಬೇಡ ಅನ್ನಬೇಕಾದರೂ ಮೊದಲು ಒಳಗೆ ಹೋಗಿ ನೋಡಬೇಕಲ್ಲಪ್ಪ ಅಂದರು. ಸಭೆ ಅಲ್ಲಿಗೇ ಗಪ್‌ಚುಪ್.

ಅಕ್ಕ ಹೇಳಿದ್ದು ಸಣ್ಣ ಮಾತಲ್ಲ. ಅದಕ್ಕೇ ಈ ಸಲ ಪೆರಿಯಾರರ ಬದುಕಿನ ಕಥೆಯನ್ನೇ ಬರೆಯೋಣ ಅಂತ ಕೂತೆ. ಅವರು ಹೇಳಿದ ಮಾತುಗಳನ್ನು ಗೋಡೆ ಮೇಲೆ, ಪ್ರತಿಮೆ ಕೆಳಗೆ ನೀವೆಲ್ಲ ಓದಿದ್ದೀರಿ. ಮಾತು ಬಿಡಿ, ಅವರು ಮಾಡಿದ್ದೇನು ಅಂತ ನೋಡೋಣ.

ಒಂದು ಸಂಗತಿ ನಮ್ಮ ಹುಡುಗರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಈರೋಡ್ ವೆಂಕಟಪ್ಪ ರಾಮಸಾಮಿಯವರ ಮನೆಮಾತು ಕನ್ನಡ. ಅವರು ಹುಟ್ಟಿದ್ದು 1879ರ ಸೆಪ್ಟೆಂಬರ್ 17ರಂದು, ಈರೋಡಿನಲ್ಲಿ, ಕನ್ನಡ ಮಾತಾಡುವ ಬಲಿಜ ನಾಯ್ಡು ವರ್ತಕರ ಮನೆಯಲ್ಲಿ. ತಂದೆ ವೆಂಕಟಪ್ಪ ನಾಯ್ಕರು, ತಾಯಿ ಚಿನ್ನತಾಯಮ್ಮ. ಮನೆಯೊಳಗೆ ಕನ್ನಡ, ಅಂಗಡಿಯಲ್ಲಿ ತೆಲುಗು, ಬೀದಿಯಲ್ಲಿ ತಮಿಳು, ಮೂರನ್ನೂ ಆಡುತ್ತಾ ಬೆಳೆದರು. ಕೃಷ್ಣಗಿರಿ ಪೇಟೆಯಲ್ಲಿ ನಾವು ಕನ್ನಡ ಮಾತಾಡಿದರೆ ಯಾವ ಕಡೆಯವರು ಅಂತ ತಿರುಗಿ ನೋಡ್ತಾರಲ್ಲ, ಅಂಥವರಿಗೆ ಇದನ್ನು ಹೇಳಿ. ತಾನು ಕನ್ನಡಿಗರ ಮನೆಯವನು ಅನ್ನೋದನ್ನು ಅವರು ಯಾವತ್ತೂ ಮುಚ್ಚಿಟ್ಟವರಲ್ಲ.

ಮನೆ ಭಕ್ತಿಯ ಮನೆ. ಭಾಗವತರು, ಸನ್ಯಾಸಿಗಳು ಬರೋರು, ಊಟ ಮಾಡೋರು, ಪುರಾಣ ಹೇಳೋರು. ಹುಡುಗ ಅವರಿಗೆ ತರಲೆ ಪ್ರಶ್ನೆ ಕೇಳಿ ನಗುತ್ತಿದ್ದ. ಶಾಲೆಗೆ ಹೋದದ್ದು ನಾಲ್ಕೈದು ವರ್ಷ, ಅಷ್ಟೆ. ಶಾಲೆಯ ಹತ್ತಿರ ಇದ್ದದ್ದು ಕೀಳು ಅನ್ನಿಸಿಕೊಂಡ ಜಾತಿಗಳ ಮನೆಗಳು. ಅಲ್ಲಿ ನೀರು ಮುಟ್ಟಬೇಡ, ಬಾಯಾರಿದರೆ ಮೇಷ್ಟ್ರ ಮನೆಗೆ ಹೋಗು ಅಂತ ಮನೆಯವರು ಹೇಳಿ ಕಳಿಸೋರು. ಮೇಷ್ಟ್ರ ಮನೆಯ ಹುಡುಗಿ ಲೋಟವನ್ನು ನೆಲದ ಮೇಲಿಟ್ಟು, ಬಾಯಿಗೆ ತಾಗಿಸದೆ ಎತ್ತಿ ಕುಡಿ ಅನ್ನೋಳು. ಇವನು ಕುಡಿದಿಟ್ಟ ಮೇಲೆ ಲೋಟಕ್ಕೆ ನೀರು ಸುರಿದು ತೊಳೆದು ಒಳಗೆ ತಗೊಂಡು ಹೋಗೋಳು. ಕೆಳಗಿನವರ ಮನೆಯಲ್ಲಿ ಇವನು ನೀರು ಮುಟ್ಟಬಾರದು, ಮೇಲಿನವರ ಮನೆಯಲ್ಲಿ ಇವನು ಮುಟ್ಟಿದ ಲೋಟ ತೊಳೀಬೇಕು. ಜಾತಿ ಅನ್ನೋದು ಏಣಿ ಅಂತ ಬಾಬಾಸಾಹೇಬರು ತೋರಿಸಿಕೊಟ್ಟರಲ್ಲ, ಈ ಹುಡುಗ ಅದರ ನಡುವಿನ ಮೆಟ್ಟಿಲಲ್ಲಿ ನಿಂತು ಎರಡೂ ಕಡೆ ನೋಡಿಬಿಟ್ಟ. ಆಮೇಲೆ ಬೇಕಂತಲೇ ಆ ಬೇಡವಾದ ಮನೆಗಳಿಗೇ ಹೋಗಿ ತಿಂದು ಬರೋಕೆ ಶುರು ಮಾಡಿದ. ಅಪ್ಪ ಕಾಲಿಗೆ ಬೇಡಿ ಹಾಕಿದರು. ಬೇಡಿ ಹೊತ್ತುಕೊಂಡೇ ಆ ಹುಡುಗರ ಜೊತೆ ಆಡೋಕೆ ಹೋದ. ಹನ್ನೆರಡನೇ ವಯಸ್ಸಿಗೆ ಶಾಲೆ ಬಿಡಿಸಿ ಮಂಡಿಯಲ್ಲಿ ಕೂರಿಸಿದರು.

ಹತ್ತೊಂಬತ್ತಕ್ಕೆ ಮದುವೆ. ಹೆಂಡತಿ ನಾಗಮ್ಮನವರಿಗೆ ಆಗ ಹದಿಮೂರು. ಒಂದು ಹೆಣ್ಣು ಮಗು ಆಯಿತು, ಐದು ತಿಂಗಳಿಗೆ ಹೋಯಿತು. ಆಮೇಲೆ ಮಕ್ಕಳಿಲ್ಲ.

1904ರಲ್ಲಿ, ಇಪ್ಪತ್ತೈದರ ವಯಸ್ಸಿನಲ್ಲಿ, ಅಪ್ಪನ ಜೊತೆ ಮನಸ್ತಾಪ ಆಗಿ ಮನೆ ಬಿಟ್ಟು ಕಾಶಿಗೆ ಹೋದರು. ಕೈಯಲ್ಲಿದ್ದ ದುಡ್ಡು ಖರ್ಚಾಯಿತು. ಛತ್ರಗಳಲ್ಲಿ ಪುಕ್ಕಟೆ ಊಟ ಇತ್ತು, ಆದರೆ ಬ್ರಾಹ್ಮಣರಿಗೆ ಮಾತ್ರ. ಹಸಿವು ತಡೆಯದೆ ಜನಿವಾರ ಹಾಕಿಕೊಂಡು ಒಳಗೆ ನುಗ್ಗಿದರು. ಮೀಸೆ ನೋಡಿ ಕಾವಲಿನವನಿಗೆ ಅನುಮಾನ ಬಂದು ಬೀದಿಗೆ ದೂಡಿದ. ಅಷ್ಟೊತ್ತಿಗೆ ಒಳಗೆ ಉಂಡವರ ಎಲೆಗಳನ್ನು ತಂದು ಹೊರಗೆ ಎಸೆದರು. ಈರೋಡಿನ ಸಾಹುಕಾರರ ಮಗ ನಾಯಿಗಳ ಜೊತೆ ಪೈಪೋಟಿ ಮಾಡಿ ಆ ಎಂಜಲೆಲೆಯ ಅನ್ನ ತಿಂದರು. ತಿನ್ನುತ್ತಾ ತಲೆ ಎತ್ತಿದರೆ ಎದುರು ಗೋಡೆಯಲ್ಲಿ ಕೆತ್ತಿದ ಕಲ್ಲು: ಆ ಛತ್ರ ಕಟ್ಟಿಸಿದವನು ದಕ್ಷಿಣದ ಒಬ್ಬ ಬ್ರಾಹ್ಮಣೇತರ ವರ್ತಕ.

ಎಂಜಲೆಲೆ ಅಂದರೇನು ಅಂತ ನಮ್ಮ ಅಜ್ಜ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ರಾಮಸಾಮಿಗೆ ಅದು ಕೆಲವು ದಿನದ ಅನುಭವ, ಬೇಸರವಾದಾಗ ವಾಪಸ್ ಬರೋಕೆ ಮಂಡಿ ಇತ್ತು, ಬಂದರು, ಅಪ್ಪ ವ್ಯಾಪಾರವನ್ನೇ ಮಗನ ಹೆಸರಿಗೆ ಮಾಡಿಕೊಟ್ಟರು. ಈ ವ್ಯತ್ಯಾಸ ಮರೆಯೋದು ಬೇಡ. ಆದರೆ ಅದೇ ಎಲೆ ನೋಡಿ ನೂರಾರು ಸಾಹುಕಾರರ ಮಕ್ಕಳು ಮೈ ತೊಳೆದುಕೊಂಡು ಮರೆತಿದ್ದಾರೆ. ಇವರು ಎಪ್ಪತ್ತು ವರ್ಷ ಮರೆಯಲಿಲ್ಲ.

ಊರಿಗೆ ಬಂದವರು ನಾಸ್ತಿಕರಾಗಿ ಗುಡಿ ಬಿಟ್ಟು ದೂರ ಹೋದರು ಅಂದುಕೊಂಡಿದ್ದೀರಾ? ಇಲ್ಲ. ಈರೋಡಿನ ದೇವಸ್ಥಾನ ಕಮಿಟಿಯ ಮುಖ್ಯಸ್ಥರಾದರು! ಗುಡಿಯ ಲೆಕ್ಕಪತ್ರ ಸರಿಮಾಡಿ, ಆಸ್ತಿ ಉಳಿಸಿ, ಗುಡಿಗೆ ದುಡ್ಡು ಕೂಡಿಸಿಟ್ಟರು. 1918ರಲ್ಲಿ ಈರೋಡ್ ಮುನಿಸಿಪಾಲಿಟಿಯ ಚೇರ್ಮನ್ ಆದರು. ಆಗ ಸೇಲಂ ಮುನಿಸಿಪಾಲಿಟಿಗೆ ಚೇರ್ಮನ್ ಆಗಿದ್ದವರು ನಮ್ಮ ಹೊಸೂರಿನ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಗೋಪಾಲಾಚಾರಿಯವರು. ಇಬ್ಬರೂ ಸ್ನೇಹಿತರಾದರು. ರಾಜಾಜಿಯವರ ಮಾತಿನ ಮೇಲೆ ರಾಮಸಾಮಿ ಹುದ್ದೆಗಳನ್ನೆಲ್ಲ ಬಿಟ್ಟು ಕಾಂಗ್ರೆಸ್ ಸೇರಿದರು, ಖಾದಿ ಹೊತ್ತು ಬೀದಿ ಬೀದಿ ಮಾರಿದರು. 1921ರಲ್ಲಿ ಹೆಂಡದ ವಿರುದ್ಧ ಚಳವಳಿ ಅಂದಾಗ ತನ್ನ ತೋಟದ ಐನೂರು ತೆಂಗಿನ ಮರ ಕಡಿಸಿ ಹಾಕಿದರು. ಗಂಡ ಜೈಲಿಗೆ ಹೋದಾಗ ನಾಗಮ್ಮನವರೂ ತಂಗಿ ಕಣ್ಣಮ್ಮನವರೂ ಹೆಂಡದಂಗಡಿ ಮುಂದೆ ಕೂತರು. (ಮರ ಕಡಿಸಿದ್ದು ಸರಿಯೋ ತಪ್ಪೋ ಅಂತ ನಮ್ಮ ಕಡೆಯ ತೆಂಗಿನ ರೈತರನ್ನು ಕೇಳಿದರೆ ಬೈತಾರೆ. ಅವರು ಹಾಗೇ, ಅರ್ಧ ಮಾಡಿ ಗೊತ್ತಿಲ್ಲದವರು.)

ಈಗ ವೈಕಂಗೆ ಬನ್ನಿ.

ತಿರುವಾಂಕೂರು ರಾಜ್ಯದ ವೈಕಂನಲ್ಲಿ ಮಹಾದೇವನ ದೊಡ್ಡ ಗುಡಿ. ಗುಡಿಯೊಳಗೆ ಈಳವರು, ಪುಲಯರು ಹೋಗೋ ಮಾತು ಹಾಗಿರಲಿ, ಗುಡಿಯ ಸುತ್ತಲಿನ ಬೀದಿಗಳಲ್ಲೂ ನಡೆಯುವಂತಿರಲಿಲ್ಲ. ನಾಯಿ ಹೋಗಬಹುದು, ದನ ಹೋಗಬಹುದು. 1924ರ ಮಾರ್ಚ್ 30ರಂದು ಅಲ್ಲಿ ಸತ್ಯಾಗ್ರಹ ಶುರುವಾಯಿತು. ದಿನಾ ಮೂರು ಜನ ಹೋಗೋದು, ಪೊಲೀಸರು ಹಿಡಿಯೋದು. ಕೆಲವೇ ದಿನದಲ್ಲಿ ಮುಖಂಡರೆಲ್ಲ ಜೈಲು ಸೇರಿ, ನಡೆಸೋರೇ ಇಲ್ಲವಾಯಿತು. ಈರೋಡಿಗೆ ಕಾಗದ ಬಂತು. ರಾಮಸಾಮಿ ಏಪ್ರಿಲ್ 13ರಂದು ವೈಕಂ ತಲುಪಿದರು. ತಿರುವಾಂಕೂರಿನ ಮಹಾರಾಜರು ಹಿಂದೆ ಪ್ರಯಾಣದಲ್ಲಿ ಈರೋಡಿನಲ್ಲಿ ಇವರ ಕಡೆಯ ಬಂಗಲೆಯಲ್ಲಿ ಇಳಿದುಕೊಂಡಿದ್ದರಂತೆ, ಅದಕ್ಕೆ ರಾಜನ ಅಧಿಕಾರಿಗಳು ದೋಣಿ ಕಟ್ಟೆಗೇ ಬಂದು ಮರ್ಯಾದೆಯಿಂದ ಎದುರುಗೊಂಡರಂತೆ. ಮರ್ಯಾದೆ ಕೆಲವು ದಿನ ನಡೀತು. ಇವರು ಊರೂರಲ್ಲಿ ಮಾತಾಡೋಕೆ ಶುರು ಮಾಡಿದ ಮೇಲೆ ಒಂದು ತಿಂಗಳು ಜೈಲು. ಬಿಟ್ಟರು. ವೈಕಂ ಕಡೆ ತಲೆ ಹಾಕಬೇಡ ಅಂದರು. ನೇರ ಅಲ್ಲಿಗೇ ಹೋದರು. ಈ ಸಲ ತಿರುವನಂತಪುರದ ಸೆಂಟ್ರಲ್ ಜೈಲು, ಕಠಿಣ ಸಜೆ, ಕಾಲಿಗೆ ಕಬ್ಬಿಣದ ಸರಪಳಿ. ಹುಡುಗನಾಗಿದ್ದಾಗ ಅಪ್ಪ ಹಾಕಿದ್ದು, ಈಗ ರಾಜ ಹಾಕಿದ್ದು, ಎರಡೂ ಒಂದೇ ಕಾರಣಕ್ಕೆ. ನಾಗಮ್ಮನವರು ಈರೋಡಿನಿಂದ ಬಂದು ಹೆಂಗಸರನ್ನು ಕಟ್ಟಿಕೊಂಡು ಸತ್ಯಾಗ್ರಹ ಮುಂದುವರಿಸಿದರು.

ಜೈಲಲ್ಲಿದ್ದಾಗ ನಡೆದ ಒಂದು ಸಂಗತಿಯನ್ನು ಅವರು ಮುಪ್ಪಿನವರೆಗೂ ನಗುತ್ತಾ ಹೇಳೋರು. ಸತ್ಯಾಗ್ರಹಿಗಳು ನಾಶವಾಗಲಿ ಅಂತ ಹೊರಗೆ ಪುರೋಹಿತರು ಶತ್ರು ಸಂಹಾರ ಯಾಗ ಇಟ್ಟುಕೊಂಡಿದ್ದರಂತೆ. ಒಂದು ರಾತ್ರಿ ಜೈಲಿನವರಿಗೆ ಗುಂಡಿನ ಸದ್ದು ಕೇಳಿಸಿತು. ವಿಚಾರಿಸಿದರೆ ಮಹಾರಾಜರೇ ತೀರಿಕೊಂಡಿದ್ದಾರೆ! 1924ರ ಆಗಸ್ಟ್ ತಿಂಗಳು ಅದು. ರಾಜ ಹೋದ ಮೇಲೆ ಕೈದಿಗಳನ್ನು ಬಿಟ್ಟರು. ಯಾಗ ಮಾಡಿಸಿದವರಿಗೇ ತಿರುಗಿತು ಅಂತ ಭಕ್ತರು ಮಾತಾಡಿಕೊಂಡರು. ರಾಮಸಾಮಿಗೆ ಅದರಲ್ಲೂ ನಂಬಿಕೆ ಇರಲಿಲ್ಲ, ಆದರೆ ಕಥೆ ಮಾತ್ರ ಬಿಡಲಿಲ್ಲ. 1925ರ ನವೆಂಬರ್‌ನಲ್ಲಿ ಗುಡಿಯ ಮೂರು ಕಡೆಯ ಬೀದಿ ಎಲ್ಲರಿಗೂ ತೆರೆಯಿತು. ಗೆಲುವಿನ ಸಭೆಗೆ ಅಧ್ಯಕ್ಷತೆ ಅವರದೇ. ತಿರುವಾಂಕೂರಿನ ಗುಡಿಗಳ ಒಳಗೆ ಹೋಗೋ ಹಕ್ಕು ಸಿಕ್ಕಿದ್ದು ಇನ್ನೂ ಹನ್ನೊಂದು ವರ್ಷದ ಮೇಲೆ, 1936ರ ನವೆಂಬರ್ 12ರಂದು.

ತಮ್ಮಂದಿರೇ, ಇಲ್ಲಿ ಸ್ವಲ್ಪ ನಿಲ್ಲಿ. ಗುಡಿಯ ಬೀದಿಯಲ್ಲಿ ನಡೆದು ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಆ ಬೀದಿಯಲ್ಲಿ ಅವರನ್ನು ಯಾರೂ ತಡೆದಿರಲೂ ಇಲ್ಲ. ಅಕ್ಕ ಹೇಳಿದ್ದು ನಿಜ. ಅಷ್ಟಾದರೂ ಕಾಲಿಗೆ ಸರಪಳಿ ಹಾಕಿಸಿಕೊಂಡರು.

ಅದೇ ಹೊತ್ತಿಗೆ ಸೇರನ್‌ಮಾದೇವಿಯ ಗುರುಕುಲದ ಗಲಾಟೆ. ಕಾಂಗ್ರೆಸ್ ದುಡ್ಡು ಪಡೆದು ವ.ವೇ.ಸು. ಅಯ್ಯರ್ ನಡೆಸುತ್ತಿದ್ದ ಆ ಶಾಲೆಯಲ್ಲಿ ಬ್ರಾಹ್ಮಣ ಮಕ್ಕಳಿಗೆ ಬೇರೆ ಪಂಕ್ತಿ. ದೇಶಕ್ಕೆ ಸ್ವಾತಂತ್ರ್ಯ ತರೋ ಮಕ್ಕಳು ಜೊತೆಯಲ್ಲಿ ಕೂತು ಉಣ್ಣೋಕೆ ಆಗದಿದ್ದರೆ ಹೇಗೆ ಅಂತ ಇವರು ಪಟ್ಟು ಹಿಡಿದರು. 1925ರ ನವೆಂಬರ್‌ನಲ್ಲಿ ಕಾಂಚೀಪುರದ ಸಮ್ಮೇಳನದಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೇಳುವ ಠರಾವು ತಿರಸ್ಕಾರವಾದಾಗ ಎದ್ದು ಹೊರಗೆ ಬಂದವರು ಮತ್ತೆ ಕಾಂಗ್ರೆಸ್ ಮೆಟ್ಟಿಲು ಹತ್ತಲಿಲ್ಲ. 1927ರಲ್ಲಿ ಬೆಂಗಳೂರಿಗೆ ಬಂದು ಗಾಂಧೀಜಿಯವರನ್ನು ಕಂಡು ವರ್ಣಾಶ್ರಮದ ಬಗ್ಗೆ ವಾದ ಮಾಡಿದರು. ಧರ್ಮ ಉಳಿಸಿಕೊಂಡು ಅಸ್ಪೃಶ್ಯತೆ ಮಾತ್ರ ತೆಗೆಯಬಹುದು ಅಂತ ಗಾಂಧೀಜಿ. ಬೇರು ಇಟ್ಟುಕೊಂಡು ಎಲೆ ಕಿತ್ತರೆ ಏನು ಬಂತು ಅನ್ನೋ ತರಹ ಇವರು. ಒಪ್ಪಂದ ಆಗಲಿಲ್ಲ.

ಇಲ್ಲಿಂದ ಆತ್ಮಗೌರವ ಚಳವಳಿ. 1925ರ ಮೇ ತಿಂಗಳಲ್ಲೇ ಕುಡಿ ಅರಸು ಅನ್ನೋ ಪತ್ರಿಕೆ ಶುರುವಾಗಿತ್ತು. 1929ರ ಫೆಬ್ರವರಿಯಲ್ಲಿ ಚೆಂಗಲ್ಪಟ್ಟಿನ ಸಮ್ಮೇಳನದಲ್ಲಿ ಹೆಸರಿನ ಹಿಂದಿನ ಜಾತಿ ಬಾಲ ಕತ್ತರಿಸಬೇಕು ಅಂತ ತೀರ್ಮಾನ ಆಯಿತು, ತನ್ನ ನಾಯ್ಕರ್ ಪಟ್ಟವನ್ನು ತೆಗೆದು ಹಾಕಿದರು. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಅಂತಲೂ ಅಲ್ಲೇ ಠರಾವಾಯಿತು. ತಮಿಳುನಾಡಿನಲ್ಲಿ ಅದು ಕಾನೂನಾಗೋಕೆ 1989 ಬರಬೇಕಾಯಿತು ತಂಗಿಯರೇ, ಲೆಕ್ಕ ಹಾಕಿ, ಅರವತ್ತು ವರ್ಷ. ಪುರೋಹಿತರಿಲ್ಲದ ಮದುವೆಗಳು ಶುರುವಾದವು. ಹಾರ ಬದಲಾಯಿಸಿಕೊಂಡರೆ ಮದುವೆ, ಮಂತ್ರ ಇಲ್ಲ, ಹೋಮ ಇಲ್ಲ. ಅಂಥ ಮದುವೆಗಳಿಗೆ ಕಾನೂನಿನ ಮಾನ್ಯತೆ ಬಂದದ್ದು ಅಣ್ಣಾದೊರೈ ಮುಖ್ಯಮಂತ್ರಿ ಆದ ಮೇಲೆ, 1968ರಲ್ಲಿ.

ದೇವರಿಲ್ಲ ಅನ್ನೋದನ್ನು ಇವರೇ ಮೊದಲು ಕಂಡುಹಿಡಿದರು ಅಂತಲ್ಲ. ಅದು ಲೋಕದ ಎಲ್ಲ ಕಡೆ ಇದ್ದ ಮಾತು. ಫ್ರಾನ್ಸಿನ ಒಂದು ಹಳ್ಳಿಯ ಪಾದ್ರಿ ಜಾನ್ ಮೆಲಿಯೆ ನಲವತ್ತು ವರ್ಷ ಚರ್ಚಿನಲ್ಲಿ ಪೂಜೆ ಮಾಡಿಸಿ 1729ರಲ್ಲಿ ಸತ್ತ. ಸತ್ತ ಮೇಲೆ ಅವನ ಮನೆಯಲ್ಲಿ ಸಿಕ್ಕಿದ್ದು ದೇವರು ಧರ್ಮ ಎಲ್ಲ ಬಡವರನ್ನು ಅದುಮಿಡೋಕೆ ಕಟ್ಟಿದ ಕಥೆ ಅಂತ ಬರೆದಿಟ್ಟ ದಪ್ಪ ಕಟ್ಟು. ಇಂಗ್ಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಎಂಪಿ ಆಗಿ ಗೆದ್ದರೂ, ನಾಸ್ತಿಕ ಅನ್ನೋ ಕಾರಣಕ್ಕೆ ಪ್ರಮಾಣವಚನದ ತಕರಾರು ಎಬ್ಬಿಸಿ ಆರು ವರ್ಷ ಸರಿಯಾಗಿ ಕೂರೋಕೆ ಬಿಡಲಿಲ್ಲ. ಅವರ ಪ್ರಭಾವದಿಂದ ಮದ್ರಾಸಿನಲ್ಲೂ 1880ರ ದಶಕದಲ್ಲಿ ನಾಸ್ತಿಕರ ಸಂಘ, ಪತ್ರಿಕೆ ಇದ್ದವು. ನಮಗಿನ್ನೂ ಹತ್ತಿರದ್ದು ಹೇಳಬೇಕಾದರೆ, 1898ರಲ್ಲಿ ಅಯೋತಿ ದಾಸ ಪಂಡಿತರು ಶಾಕ್ಯ ಬೌದ್ಧ ಸಂಘ ಕಟ್ಟಿದರು. ಕೋಲಾರ ಚಿನ್ನದ ಗಣಿಯ ಮಾರಿಕುಪ್ಪಂನಲ್ಲಿ ನಮ್ಮ ಜನ, ಗಣಿಯೊಳಗೆ ಇಳಿಯೋ ಕೂಲಿಯವರು, ಅದರ ಶಾಖೆ ನಡೆಸಿದರು. ಪೆರಿಯಾರ್ ಅನ್ನೋ ಹೆಸರು ಹುಟ್ಟೋಕೆ ಮೊದಲೇ ಪುರೋಹಿತರ ದೇವರು ಬೇಡ ಅಂತ ಹೇಳಿದ ದಲಿತರು ಇಲ್ಲೇ, ಬಸ್ಸು ಹತ್ತಿದರೆ ಸಿಗೋ ದೂರದಲ್ಲಿ ಇದ್ದರು. ಇದನ್ನು ಮಕ್ಕಳಿಗೆ ಮರೆಯದೆ ಹೇಳಿ.

ಪೆರಿಯಾರ್ ಮಾಡಿದ್ದು ಏನು ಅಂದರೆ, ಇಂಗ್ಲಿಷ್ ಪುಸ್ತಕದಲ್ಲಿ, ಪಟ್ಟಣದ ಸಭೆಯಲ್ಲಿ ಇದ್ದ ಆ ಮಾತನ್ನು ಸಂತೆ ಬೀದಿಗೆ ತಂದರು. ಮೆಲಿಯೆ ಪಾದ್ರಿಯ ಮರಣ ಶಾಸನವನ್ನೂ, ರಸೆಲ್ ಮತ್ತು ಇಂಗರ್ಸಾಲ್ ಬರಹಗಳನ್ನೂ ಕಾಸಿಗೆ ಸಿಗೋ ತೆಳು ಪುಸ್ತಕ ಮಾಡಿ ಹಂಚಿದರು. 1931ರ ಮಾರ್ಚ್ 23ರಂದು ಭಗತ್ ಸಿಂಗ್ ಅವರನ್ನು ಗಲ್ಲಿಗೇರಿಸಿದಾಗ ಒಂದೇ ವಾರದಲ್ಲಿ ಕುಡಿ ಅರಸಿನಲ್ಲಿ ಬರೆದರು. ಭಗತ್ ಸಿಂಗ್ ನಾಸ್ತಿಕನಾದ ಕಾರಣ ಬರೆದ ಪ್ರಬಂಧವನ್ನು ಜೀವಾನಂದಂ ತಮಿಳಿಗೆ ತಂದಾಗ, ಅಚ್ಚು ಹಾಕಿದ್ದಕ್ಕೆ ಪೆರಿಯಾರರ ಅಣ್ಣ ಕೃಷ್ಣಸಾಮಿಯವರ ಮೇಲೂ ಕೇಸು ಬಿತ್ತು.

1931ರ ಡಿಸೆಂಬರ್ 13ರಂದು ಮದ್ರಾಸಿನಲ್ಲಿ ಹಡಗು ಹತ್ತಿದರು. ಜೊತೆಗೆ ಎಸ್. ರಾಮನಾಥನ್, ಈರೋಡಿನ ರಾಮು. ಇಂಗ್ಲಿಷ್ ಸರಿಯಾಗಿ ಬಾರದ ಐವತ್ತೆರಡು ವರ್ಷದ ಮಂಡಿ ವ್ಯಾಪಾರಿ, ಉದ್ದ ಗಡ್ಡ, ಕೈಯಲ್ಲಿ ದಿನಚರಿ ಪುಸ್ತಕ. ಈಜಿಪ್ಟ್, ಗ್ರೀಸ್, ಟರ್ಕಿ, ರಷ್ಯಾ, ಜರ್ಮನಿ, ಇಂಗ್ಲೆಂಡ್, ಸ್ಪೇನ್, ಫ್ರಾನ್ಸ್, ಪೋರ್ಚುಗಲ್, ಹನ್ನೊಂದು ತಿಂಗಳು ಸುತ್ತಿದರು. ಅವರು ಹೋದ ಕಾಲ ನೋಡಿ. ಟರ್ಕಿಯಲ್ಲಿ ಕೆಮಾಲ್ ಪಾಷಾ 1924ರಲ್ಲಿ ಖಲೀಫಾ ಪದವಿಯನ್ನೇ ರದ್ದು ಮಾಡಿ, 1928ರಲ್ಲಿ ಸಂವಿಧಾನದಿಂದ ರಾಜ್ಯಧರ್ಮ ಅನ್ನೋದನ್ನು ಕಿತ್ತು ಹಾಕಿದ್ದರು. ಸ್ಪೇನಿನಲ್ಲಿ ರಾಜನನ್ನು ಓಡಿಸಿ, ರಾಜ್ಯಕ್ಕೆ ಧರ್ಮವಿಲ್ಲ ಅಂತ ಸಂವಿಧಾನದಲ್ಲಿ ಬರೆದದ್ದು ಅದೇ ಡಿಸೆಂಬರ್‌ನಲ್ಲಿ. ರಷ್ಯಾದಲ್ಲಂತೂ ಸರ್ಕಾರವೇ ನಾಸ್ತಿಕ. ಲೆನಿನ್‌ಗ್ರಾಡಿನ ದೊಡ್ಡ ಚರ್ಚನ್ನು ಧರ್ಮವಿರೋಧಿ ವಸ್ತುಸಂಗ್ರಹಾಲಯ ಮಾಡಿದ್ದರು. ಮಾಸ್ಕೋದ ರಕ್ಷಕ ಕ್ರಿಸ್ತನ ಮಹಾ ಚರ್ಚನ್ನು ಸಿಡಿಮದ್ದು ಇಟ್ಟು ಉರುಳಿಸಿದ್ದು ಡಿಸೆಂಬರ್ 5, ಇವರು ಹಡಗು ಹತ್ತೋ ವಾರದ ಮುಂಚೆ.

ರಷ್ಯಾದಲ್ಲಿ ಸುಮಾರು ಮೂರು ತಿಂಗಳು ಇದ್ದರು. ಮಾಸ್ಕೋದ ಮೇ ದಿನದ ಮೆರವಣಿಗೆ ನೋಡಿದರು, ಕಾರ್ಖಾನೆ ನೋಡಿದರು. ಮಾರುಹೋಗಿ ವಾಪಸ್ ಬಂದರು. ಎಷ್ಟು ಅಂದರೆ, ಹೆಸರಿಡಿ ಅಂತ ಮಗು ತಂದವರಿಗೆ ರಷ್ಯಾ, ಮಾಸ್ಕೋ ಅಂತ ಹೆಸರಿಟ್ಟು ಕಳಿಸೋರು. (ಹೆಸರಿಡೋಕೆ ಕಾಸೂ ತಗೊಳ್ಳೋರು, ಸಂಘಕ್ಕೆ. ದುಡ್ಡಿನ ವಿಷಯದಲ್ಲಿ ಮಂಡಿ ಬುದ್ಧಿ ಕೊನೆವರೆಗೂ ಹೋಗಲಿಲ್ಲ.) ನನಗನ್ನಿಸೋದು ಇಷ್ಟು: ರಷ್ಯಾದಲ್ಲಿ ಅವರು ನೋಡಿದ್ದು ಪೂರ್ತಿ ಅಲ್ಲ. ಮುದುಕಿಯೊಬ್ಬಳು ಮೇಣದ ಬತ್ತಿ ಹಚ್ಚೋ ಚರ್ಚಿಗೆ ಸರ್ಕಾರ ಸಿಡಿಮದ್ದು ಇಡೋದು, ನಮ್ಮ ಮುದುಕಿ ಕರ್ಪೂರ ಹಚ್ಚೋಕೆ ಹೋದರೆ ಊರವರು ದೊಣ್ಣೆ ಹಿಡಿಯೋದು, ಎರಡರಲ್ಲೂ ಬಾಗಿಲು ಮುಚ್ಚೋದು ಬಲ ಇದ್ದವನೇ. ಆದರೆ ಊರಿಗೆ ಬಂದ ಮೇಲೆ ಪೆರಿಯಾರ್ ಮಾಡಿದ್ದನ್ನು ನೋಡಿ. ಜನರ ಗುಡಿಯನ್ನು ಒಡೆಯಿರಿ ಅಂತ ಒಂದು ದಿನವೂ ಗುಂಪು ಕಳಿಸಲಿಲ್ಲ. 1953ರಲ್ಲಿ ಬುದ್ಧ ಪೂರ್ಣಿಮೆಯ ದಿನ ಗಣಪತಿಯನ್ನು ಒಡೆದರು, ನಿಜ. ಅದು ತಾವೇ ಮಾಡಿಸಿದ ಮಣ್ಣಿನ ಬೊಂಬೆ, ಬಹಿರಂಗ ಸಭೆಯಲ್ಲಿ. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಜನ ಪವಿತ್ರ ಅಂದುಕೊಂಡದ್ದು ಮಣ್ಣಿನದಾದರೂ ಕಾನೂನು ಕಾಯಬೇಕು ಅಂತ 1958ರಲ್ಲಿ ಕೋರ್ಟು ಹೇಳಿ, ಇಷ್ಟು ವರ್ಷ ಕಳೆದ ಮೇಲೆ ಮತ್ತೆ ಕೆದಕೋದು ಬೇಡ ಅಂತ ಬಿಟ್ಟಿತು. ಆ ಬೊಂಬೆ ಒಡೆದದ್ದು ಎಷ್ಟೋ ಭಕ್ತರ ಮನಸ್ಸಿಗೆ ನೋವಾಗಿದ್ದೂ ನಿಜ. ಇನ್ನೊಂದು ಕಡೆ, ಕುಂದ್ರಕ್ಕುಡಿ ಮಠಕ್ಕೆ ಹೋದಾಗ ಅಡಿಗಳಾರ್ ಹಣೆಗೆ ವಿಭೂತಿ ಇಟ್ಟರೆ ತಲೆ ಹಿಂದೆಗೆಯಲಿಲ್ಲ ಅಂತ ಹೇಳ್ತಾರೆ.

1933ರ ಮೇ 11ರಂದು ನಾಗಮ್ಮನವರು ತೀರಿಕೊಂಡರು. ಮಾರನೇ ದಿನವೇ ತಿರುಚಿಗೆ ಹೋಗಿ, ಸರ್ಕಾರದ ನಿಷೇಧ ಮುರಿದು, ಒಂದು ಕ್ರಿಶ್ಚಿಯನ್ ಜೋಡಿಗೆ ಆತ್ಮಗೌರವ ಮದುವೆ ಮಾಡಿಸಿ ಅರೆಸ್ಟ್ ಆದರು.

ಬಾಬಾಸಾಹೇಬರ ಜಾತಿ ವಿನಾಶದ ಭಾಷಣ 1936ರಲ್ಲಿ ಪುಸ್ತಕವಾದ ಕೂಡಲೇ ಅದನ್ನು ತಮಿಳಿಗೆ ಮಾಡಿಸಿ ಕುಡಿ ಅರಸಿನಲ್ಲಿ ಹಾಕಿದರು. 1940ರಲ್ಲಿ ಬೊಂಬಾಯಿಗೆ ಹೋಗಿ ಭೇಟಿಯಾದರು. 1954ರ ಡಿಸೆಂಬರ್‌ನಲ್ಲಿ ರಂಗೂನಿನ ವಿಶ್ವ ಬೌದ್ಧ ಸಮ್ಮೇಳನದಲ್ಲಿ ಮತ್ತೆ ಸಿಕ್ಕಿದರು. ಇಬ್ಬರೂ ಸೇರಿ ಬೌದ್ಧರಾಗೋಣ ಅಂತ ಬಾಬಾಸಾಹೇಬರು ಕರೆದರು. ಪೆರಿಯಾರ್ ಒಪ್ಪಲಿಲ್ಲ. ಹೊರಗೆ ಹೋದರೆ ಹಿಂದೂ ಧರ್ಮವನ್ನು ಬೈಯೋ ಹಕ್ಕು ಹೋಗುತ್ತೆ, ಒಳಗಿದ್ದೇ ಬೈತೀನಿ ಅನ್ನೋದು ಅವರ ಲೆಕ್ಕ. ಆದರೆ ನಮ್ಮವರು ಮುಸ್ಲಿಮರಾಗೋದಾದರೆ ಆಗಿ, ಇಳಿಜಾತಿ ಅನ್ನೋ ಹಣೆಪಟ್ಟಿ ಒಂದೇ ದಿನದಲ್ಲಿ ಕಳಚುತ್ತೆ ಅಂತ ಸಭೆಗಳಲ್ಲೇ ಹೇಳಿದವರು ಅವರು. ದೇವರನ್ನೇ ಒಪ್ಪದವರು ಇನ್ನೊಂದು ದೇವರ ಮನೆಗೆ ದಾರಿ ತೋರಿಸಿದರು. ಮನುಷ್ಯ ಅಲ್ಲಿ ನೆಟ್ಟಗೆ ನಿಲ್ಲೋಕೆ ಆಗುತ್ತಾ ಅನ್ನೋದೊಂದೇ ಅವರು ಹಿಡಿದ ಅಳತೆ. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬುದ್ಧನ ಕಡೆ ನಡೆದರು. ನನ್ನನ್ನು ಕೇಳಿದರೆ ನಮ್ಮ ಜನಕ್ಕೆ ಬಾಬಾಸಾಹೇಬರ ದಾರಿಯೇ ಸರಿ. ಖಾಲಿ ಮಾಡಿದ ಗೂಡಿನಲ್ಲಿ ಏನೋ ಒಂದು ದೀಪ ಬೇಕು.

ಕಹಿಯಾದ್ದನ್ನೂ ಬರೆಯಬೇಕು, ಇಲ್ಲದಿದ್ದರೆ ಇದು ಪ್ರತಿಮೆಗೆ ಹಾರ ಹಾಕಿದ ಹಾಗಾಗುತ್ತೆ. 1968ರ ಡಿಸೆಂಬರ್ 25ರ ರಾತ್ರಿ ತಂಜಾವೂರು ಸೀಮೆಯ ಕೀಳ್ವೆಣ್ಮಣಿಯಲ್ಲಿ ಕೂಲಿ ಹೆಚ್ಚು ಕೇಳಿದ ದಲಿತರ 44 ಜನರನ್ನು, ಹೆಂಗಸರು ಮಕ್ಕಳೇ ಹೆಚ್ಚು, ಗುಡಿಸಲಲ್ಲಿ ಕೂಡಿ ಸುಟ್ಟರು. ಆಗ ಪೆರಿಯಾರ್ ಭೂಮಾಲೀಕರ ಕಡೆಗೆ ಬೆರಳು ಮಾಡೋ ಬದಲು ಕಮ್ಯುನಿಸ್ಟರನ್ನು ಹೆಚ್ಚು ದೂರಿದರು ಅನ್ನೋ ಸಿಟ್ಟು ದಲಿತ ಲೇಖಕರಲ್ಲಿ ಈಗಲೂ ಇದೆ. ಬ್ರಾಹ್ಮಣರನ್ನು ಎದುರಿಸಿದಷ್ಟು ಜೋರಾಗಿ ನಡುವಿನ ಜಾತಿಗಳನ್ನು ಎದುರಿಸಲಿಲ್ಲ ಅನ್ನೋ ದೂರೂ ಇದೆ. ನಮ್ಮ ಬೀದಿಯ ತಿರುವಿನಲ್ಲಿ ತೇರಿಗೆ ಅಡ್ಡ ನಿಲ್ಲೋರು ಯಾರು ಅಂತ ನಿಮಗೆ ಗೊತ್ತಲ್ಲ, ಅವರು ಬ್ರಾಹ್ಮಣರಲ್ಲ.

ಹಿಂದಿ ಹೇರಿಕೆ ವಿರುದ್ಧ 1938ರ ಚಳವಳಿ, ಆಗ ಹೆಂಗಸರ ಸಮ್ಮೇಳನದಲ್ಲಿ ಸಿಕ್ಕ ಪೆರಿಯಾರ್ ಅನ್ನೋ ಪಟ್ಟ, ಜೈಲಲ್ಲಿ ಮೊದಲು ಪ್ರಾಣ ಬಿಟ್ಟ ದಲಿತ ಯುವಕ ನಟರಾಜನ್, 1944ರಲ್ಲಿ ಸೇಲಂನಲ್ಲಿ ಹುಟ್ಟಿದ ದ್ರಾವಿಡರ್ ಕಳಗಂ, 1949ರಲ್ಲಿ ಎಪ್ಪತ್ತರ ಹೊಸ್ತಿಲಲ್ಲಿ ಮಣಿಯಮ್ಮೈ ಜೊತೆ ಮದುವೆ, ಅದೇ ವರ್ಷ ಅಣ್ಣಾದೊರೈ ಬೇರೆಯಾದದ್ದು, ಇವೆಲ್ಲ ನಿಮಗೆ ಗೊತ್ತಿರೋ ಕಥೆ. ತೊರಪಳ್ಳಿಯವರ ಮಾತು ಮಾತ್ರ ಮುಗಿಸಬೇಕು. ರಾಜಾಜಿ ಮುಖ್ಯಮಂತ್ರಿಯಾಗಿ 1953ರಲ್ಲಿ ಹಳ್ಳಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು ಅನ್ನೋ ಯೋಜನೆ ತಂದರು. ಅಂದರೆ ನಮ್ಮ ಮಕ್ಕಳಿಗೆ ಅರ್ಧ ದಿನ ಪುಸ್ತಕ, ಅರ್ಧ ದಿನ ತಮಟೆ, ಚಪ್ಪಲಿ, ಜೀತ. ಪೆರಿಯಾರ್ ರಾಜ್ಯ ಪೂರ್ತಿ ಎಬ್ಬಿಸಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜರು ಬಂದು ಯೋಜನೆ ಕೈಬಿಟ್ಟರು. ನಮ್ಮಲ್ಲಿ ಈಗ ಐವತ್ತು ಅರವತ್ತು ದಾಟಿ ಪೆನ್ಷನ್ ತಗೊಳ್ಳೋ ಮೇಷ್ಟ್ರುಗಳು ಇದ್ದಾರಲ್ಲ, ಆ ಯೋಜನೆ ಉಳಿದಿದ್ದರೆ ಎಷ್ಟು ಜನ ಇರುತ್ತಿದ್ದರೋ. 1972ರ ಡಿಸೆಂಬರ್‌ನಲ್ಲಿ ರಾಜಾಜಿ ತೀರಿಕೊಂಡಾಗ 93 ವರ್ಷದ ಪೆರಿಯಾರ್ ಗಾಲಿ ಕುರ್ಚಿಯಲ್ಲಿ ಸ್ಮಶಾನಕ್ಕೆ ಬಂದು ಮಗುವಿನ ಹಾಗೆ ಅತ್ತರು.

ಕೊನೆಯ ಹೋರಾಟವೂ ಗುಡಿಯದೇ. ಈ ಸಲ ಬೀದಿಯಲ್ಲ, ಗರ್ಭಗುಡಿ. ಹೊರಗಿನ ಅಂಗಳದ ತನಕ ಎಲ್ಲರೂ ಹೋಗಬಹುದು, ಒಳಗೆ ಹೋಗಿ ಪೂಜೆ ಮಾಡೋದು ಮಾತ್ರ ಒಂದು ಜಾತಿಯ ಸೊತ್ತು ಅಂದರೆ ಉಳಿದವರೆಲ್ಲ ಇನ್ನೂ ಮೈಲಿಗೆ ಅಂತಲೇ ಅರ್ಥ, ಅದು ಹೋಗಬೇಕು ಅಂತ ಹಠ ಹಿಡಿದರು. ಕರುಣಾನಿಧಿ ಸರ್ಕಾರ 1970ರ ಡಿಸೆಂಬರ್‌ನಲ್ಲಿ ವಂಶಪಾರಂಪರ್ಯ ಅರ್ಚಕತನ ರದ್ದು ಮಾಡಿ ಕಾನೂನು ತಂದಿತು. 1972ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನನ್ನು ಎತ್ತಿಹಿಡಿದು, ಆಗಮದ ಪದ್ಧತಿ ಮೀರಬಾರದು ಅಂತಲೂ ಹೇಳಿತು. ಬಾಗಿಲು ತೆರೆದ ಹಾಗೂ ಆಯಿತು, ಮುಚ್ಚಿದ ಹಾಗೂ ಆಯಿತು. 1973ರ ಡಿಸೆಂಬರ್ 8 ಮತ್ತು 9ರಂದು ಮದ್ರಾಸಿನಲ್ಲಿ ಇದಕ್ಕಾಗಿಯೇ ಸಮ್ಮೇಳನ ಕರೆದರು. 19ರಂದು ತ್ಯಾಗರಾಯನಗರದಲ್ಲಿ ಕೊನೆಯ ಭಾಷಣ. ಮೂತ್ರಕ್ಕೆ ಕೊಳವೆ ಹಾಕಿಸಿಕೊಂಡು, ನೋವಿಗೆ ನಡುವೆ ನಡುವೆ ನರಳುತ್ತಾ ಮಾತಾಡಿದರು. ವೆಲ್ಲೂರಿನ ಸಿಎಂಸಿಗೆ ಸೇರಿಸಿದರು. ಜೀವನ ಪೂರ್ತಿ ದೇವರನ್ನು ಒಪ್ಪದವರನ್ನು ಕೊನೆಗೆ ನೋಡಿಕೊಂಡದ್ದು ಮಿಷನರಿ ಅಮ್ಮ ಐಡಾ ಸ್ಕಡರ್ ಕಟ್ಟಿದ ಆಸ್ಪತ್ರೆ. ಡಿಸೆಂಬರ್ 24ರಂದು, ಕ್ರಿಸ್ಮಸ್ ಹಿಂದಿನ ದಿನ, ತೀರಿಕೊಂಡರು. ಯಾವ ಸರ್ಕಾರಿ ಹುದ್ದೆಯಲ್ಲೂ ಇಲ್ಲದವರಿಗೆ ಸರ್ಕಾರಿ ಮರ್ಯಾದೆ ಕೊಟ್ಟು, ಮಂತ್ರ ತಂತ್ರ ಏನೂ ಇಲ್ಲದೆ, ಪೆರಿಯಾರ್ ತಿಡಲಿನಲ್ಲಿ ಮಣ್ಣು ಮಾಡಿದರು.

2006ರಲ್ಲಿ ಸರ್ಕಾರ ಅರ್ಚಕರ ತರಬೇತಿ ಶಾಲೆ ತೆರೆದು, ಎಲ್ಲ ಜಾತಿಯ ಇನ್ನೂರಕ್ಕೂ ಹೆಚ್ಚು ಹುಡುಗರು ಕಲಿತು ಬಂದರು. ಬಂದು ಕೆಲಸವಿಲ್ಲದೆ ವರ್ಷಗಟ್ಟಲೆ ಕಾದರು. 2021ರ ಆಗಸ್ಟ್ ತಿಂಗಳಲ್ಲಿ ಅವರಲ್ಲಿ ಕೆಲವರಿಗೆ, ದಲಿತರೂ ಸೇರಿ, ಗುಡಿಗಳಲ್ಲಿ ಅರ್ಚಕ ಕೆಲಸದ ಆರ್ಡರ್ ಸಿಕ್ಕಿತು. ಆ ಹುಡುಗರು ನಾಸ್ತಿಕರಲ್ಲ. ಬೆಳಿಗ್ಗೆ ಎದ್ದು ಮಿಂದು, ಮಂತ್ರ ಕಲಿತು, ದೇವರನ್ನು ಮುಟ್ಟಬೇಕು ಅಂತ ಆಸೆ ಪಟ್ಟವರು.

ಇನ್ನು ಅರ್ಜಿಯ ವಿಷಯ. ಮುಂದಿನ ಸಭೆ ಯಾವತ್ತು ಅಂತ ಕಾರ್ಯದರ್ಶಿ ತಮ್ಮ ತಿಳಿಸ್ತಾನೆ. ಟ್ಯೂಷನ್ ಹುಡುಗರೇ, ನೀವೂ ಬನ್ನಿ. ಅಕ್ಕ, ನೀವು ತಪ್ಪಿಸಬೇಡಿ.